ಒಂದೆಸಳು ಕಡಿಮೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ನಲವತ್ತಾರು ವರ್ಷ. ಓದುವ ಕನ್ನಡಕ ಬಂದಿದೆ, ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಇಷ್ಟಾದರೂ ದಿನಾ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಕಾರು ಓಡಿಸುತ್ತೇನೆ. ರಸ್ತೆಯ ಮೇಲಲ್ಲ, ಗದಗಿನ ನಮ್ಮ ಪ್ರೆಸ್ಸಿನ ಕಂಪ್ಯೂಟರಿನಲ್ಲಿ. ಅದು ಇಪ್ಪತ್ತೈದು ವರ್ಷ ಹಳೆಯ ರೇಸಿನ ಆಟ. ಅದರಲ್ಲಿರುವ ಮನುಷ್ಯರಿಗೆ ಬೆರಳಿಲ್ಲ, ಮರಗಳು ಪಕ್ಕದಿಂದ ನೋಡಿದರೆ ಮಾಯವಾಗುತ್ತವೆ. ಮಾಲೀಕರು ಹಿಂದಿನಿಂದ ಬಂದರೆ ನಾನು ಪಟ್ಟನೆ ಒಂದು ಲಗ್ನಪತ್ರಿಕೆ ತೆರೆದು ಗಣಪತಿಯ ಸೊಂಡಿಲಿಗೆ ಬಣ್ಣ ತುಂಬುವವಳಂತೆ ಕೂರುತ್ತೇನೆ. ಅವರಿಗೂ ಗೊತ್ತು, ನನಗೂ ಗೊತ್ತು, ಗಣಪತಿಗಂತೂ ಗೊತ್ತೇ ಇದೆ.

ಆದರೆ ಕಳೆದ ಕೆಲವು ತಿಂಗಳಿಂದ ಈ ಆಟ ನನ್ನನ್ನು ಕೂತಲ್ಲಿ ಕೂರಗೊಡುತ್ತಿಲ್ಲ. ರೊಟ್ಟಿ ಬಡಿಯುತ್ತಿದ್ದರೆ ಕೈ ನಿಲ್ಲುತ್ತದೆ. ಬಸ್ಸಿನಲ್ಲಿ ಕೂತರೆ ಬೆರಳುಗಳು ತಾವಾಗಿ ಏನೇನೋ ಅಕ್ಷರ ಒತ್ತುತ್ತವೆ. ಯಾಕೆ ಎಂದು ಹೇಳಬೇಕಾದರೆ ಒಂದಿಷ್ಟು ವಿಚಿತ್ರ ಜನರ ಪರಿಚಯ ಮಾಡಿಕೊಡಬೇಕು.

ಜಗತ್ತಿನಲ್ಲಿ ಹಳೆಯ ಕಂಪ್ಯೂಟರ್ ಆಟಗಳ ಹೊಟ್ಟೆ ಬಿಚ್ಚುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಒಳಗಿನ ಚಿತ್ರ ತೆಗೆದು ತಮ್ಮ ಚಿತ್ರ ಇಡುತ್ತಾರೆ, ಸದ್ದು ತೆಗೆದು ತಮ್ಮ ಸದ್ದು ತುಂಬುತ್ತಾರೆ, ಮತ್ತೆ ಹೊಲಿದು ಎಲ್ಲರಿಗೂ ಹಂಚುತ್ತಾರೆ. ಹಾಗೆ ತಿದ್ದಿದ ಆಟಕ್ಕೆ ಮಾಡ್ ಎನ್ನುತ್ತಾರೆ. ಇವರೆಲ್ಲ ಸೇರುವುದು ಇಂಟರ್ನೆಟ್ಟಿನ ಒಂದು ಹಳೇ ಫೋರಮ್ಮಿನಲ್ಲಿ. ಹರಟೆಯ ಕಟ್ಟೆ ಅದು. ಅಲ್ಲಿ ಬ್ರೆಜಿಲ್ಲಿನ ಹಲ್ಲಿನ ಡಾಕ್ಟರ್ ಇದ್ದಾನೆ, ಪೋಲೆಂಡಿನ ನಿವೃತ್ತ ರೈಲ್ವೆ ನೌಕರ ಇದ್ದಾನೆ, ಬೆಟಗೇರಿಯ ನಾನಿದ್ದೇನೆ. ಯಾರೂ ಯಾರ ಮುಖವನ್ನೂ ಕಂಡಿಲ್ಲ. ಜಗಳ ಮಾತ್ರ ಒಂದೇ ಓಣಿಯವರಂತೆ ಆಡುತ್ತೇವೆ.

ಇವರಲ್ಲೊಂದು ಪದ್ಧತಿ ಇದೆ. ಪ್ರತಿ ಮಾಡ್ ಜೊತೆಗೂ ಒಂದು ಓಲೆ ಇಡಬೇಕು, ಅದಕ್ಕೆ ರೀಡ್‌ಮಿ ಎಂದು ಹೆಸರು. ಏನು ಮಾಡಿದ್ದೇನೆ, ಹೇಗೆ ಹಾಕಿಕೊಳ್ಳಬೇಕು, ಯಾರಿಂದ ಏನು ಪಡೆದೆ ಎಂದೆಲ್ಲ ಅದರಲ್ಲಿ ಬರೆಯಬೇಕು. ಕೃತಜ್ಞತೆಯ ಪಟ್ಟಿ ನಮ್ಮ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಯಷ್ಟೇ ಉದ್ದ. ಒಬ್ಬರ ಹೆಸರು ಬಿಟ್ಟರೂ ಅಷ್ಟೇ ಅನಾಹುತ. ಕೊನೆಯಲ್ಲಿ 'ಅನುಮತಿ' ಎಂದೊಂದು ಸಾಲು. ಇದನ್ನು ಇನ್ನೊಬ್ಬರು ತಿದ್ದಬಹುದೇ, ಹಂಚಬಹುದೇ, ಇಲ್ಲವೇ ಎಂಬುದು ಅಲ್ಲಿರುತ್ತದೆ.

ಲಕ್ಕುಂಡಿಯ ಗುಡಿಗಳಲ್ಲಿ ಅಡ್ಡಾಡುವಾಗ ನನಗೆ ಅನ್ನಿಸುವುದುಂಟು, ಶಾಸನ ಕಲ್ಲು ಎಂದರೂ ಇದೇ ಅಲ್ಲವೇ ಎಂದು. ಯಾರು ಕಟ್ಟಿಸಿದರು, ಯಾರು ಕೊಟ್ಟರು, ಎಲ್ಲಿಂದ ಎಲ್ಲಿಗೆ ಗಡಿ, ಕೊನೆಗೆ ಇದನ್ನು ಕೆಡಿಸಿದವರು ಹುಳುವಾಗಿ ಹುಟ್ಟಲಿ ಎಂಬ ಶಾಪ. ಅದು ಕಲ್ಲಿನ ರೀಡ್‌ಮಿ. ಓಲೆಗರಿ ನಕಲು ಮಾಡುತ್ತಿದ್ದವರು ಮಾತ್ರ ಬೇರೆ ಗುಣದವರು. ಅವರು ಕೊನೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿರಿ ಎಂದು ಕೈಮುಗಿಯುತ್ತಿದ್ದರು. ನಾನು ಇಪ್ಪತ್ತು ವರ್ಷದ ಹಿಂದೆ ನನ್ನ ಒಂದೇ ಒಂದು ಮಾಡ್‌ಗೆ ರೀಡ್‌ಮಿ ಬರೆಯಲು ಕೂತಾಗ ಕೈಮುಗಿಯುವವರ ದಾರಿ ಹಿಡಿಯಲಿಲ್ಲ, ಶಾಪ ಹಾಕುವವರ ದಾರಿ ಹಿಡಿದೆ. ಅದಕ್ಕೆ ಕಾರಣ ನಮ್ಮ ಮನೆಯ ಒಂದು ತಗಡಿನ ಪೆಟ್ಟಿಗೆ.

ನಮ್ಮದು ನೇಕಾರರ ಮನೆ. ಅಪ್ಪನ ಮಗ್ಗದ ಪಕ್ಕದಲ್ಲಿ ಆ ಪೆಟ್ಟಿಗೆ ಇರುತ್ತಿತ್ತು, ಅದರೊಳಗೆ ಚೌಕಳಿ ಹಾಳೆಯ ಪುಸ್ತಕಗಳು. ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆಗಳನ್ನು ಅವನು ಅವುಗಳಲ್ಲಿ ಒಂದೊಂದೇ ಚೌಕ ತುಂಬಿ ಬರೆದಿಡುತ್ತಿದ್ದ. ಒಂದು ಚೌಕಕ್ಕೆ ಒಂದು ಎಳೆ. ಹೆಣ್ಣುಮಕ್ಕಳು ಆ ಪುಸ್ತಕ ಮುಟ್ಟುವಂತಿರಲಿಲ್ಲ. ಹೆಣ್ಣು ಕೊಟ್ಟ ಮನೆಗೆ ಹೋಗುವವಳು, ಅವಳ ಜೊತೆ ನಕ್ಷೆಯೂ ಹೋದರೆ ಗತಿ ಏನು ಎಂಬುದು ಲೆಕ್ಕಾಚಾರ. ಮಹಾನವಮಿಯಲ್ಲಿ ಮಗ್ಗಕ್ಕೆ ಪೂಜೆ ಮಾಡುವ ದಿನ ಮಾತ್ರ ಪುಸ್ತಕ ಹೊರಗೆ ಬಂದು ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಆಗ ನಾನು ಕಣ್ಣಿನಿಂದಲೇ ಒಂದೆರಡು ಹಾಳೆ ಕದಿಯುತ್ತಿದ್ದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಮೊದಲ ಸಲ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಪರದೆಯ ತುಂಬ ಚೌಕಗಳು ಕಂಡವು. ಉಳಿದವರು ಬೆರಗಾದರು. ನನಗೆ ಮಾತ್ರ ಅಪ್ಪನ ಪೆಟ್ಟಿಗೆ ತೆರೆದಂತೆ ಆಯಿತು.

ಅಪ್ಪನದು ಇನ್ನೊಂದು ಉಪಾಯ ಇತ್ತು. ಅವನ ದಡಿಯ ಹೂವುಗಳಿಗೆ ಎಂಟೆಸಳು. ಆದರೆ ಹನ್ನೆರಡು ಹೂವಿಗೊಂದು ಹೂವಿನಲ್ಲಿ ಬೇಕೆಂದೇ ಏಳೇ ಎಸಳು ನೇಯುತ್ತಿದ್ದ. ಕದ್ದು ನಕಲು ಮಾಡುವವನು ಎಳೆ ಎಣಿಸಿ ನಕಲು ಮಾಡುತ್ತಾನೆ, ತಪ್ಪನ್ನೂ ಎಣಿಸಿಕೊಂಡು ಹೋಗುತ್ತಾನೆ, ಸಿಕ್ಕಿಬೀಳುತ್ತಾನೆ. ಒಮ್ಮೆ ಸಂತೆಯಲ್ಲಿ ಯಾರದೋ ಸೀರೆಯಲ್ಲಿ ಆ ಏಳೆಸಳಿನ ಹೂವು ಕಂಡು ಅಪ್ಪ ಮನೆಗೆ ಬಂದವನೇ ನನ್ನನ್ನು ಕರೆದು, "ನೋಡ್ ಗಿರಿಜವ್ವಾ, ನನ್ನ ತಪ್ಪ ಸೈತ ಬಿಡದ ಕದ್ದಾನ!" ಎಂದ. ಸಿಟ್ಟಿನಲ್ಲಿ ಹೇಳಿದ ಎಂದೇ ನಾನು ತಿಳಿದೆ. ಆ ದಿನ ಅವನು ಒಂದು ರೊಟ್ಟಿ ಹೆಚ್ಚು ಉಂಡದ್ದನ್ನು ನೋಡಿದ್ದೆ, ಆದರೆ ಅದರ ಅರ್ಥ ಆಗಲಿಲ್ಲ.

ನನ್ನ ಮಾಡ್‌ನಲ್ಲಿ ವಿಲಾಯತಿಯ ರೇಸ್ ರಸ್ತೆ ಹೋಗಿ ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆ ಬಂತು. ಕಪ್ಪತಗುಡ್ಡದ ಗಾಳಿಗಿರಣಿಗಳು ತಿರುಗಿದವು, ಕೆಂಪು ಕಾರಿನ ಬದಲು ನಮ್ಮ ಮೂರು ಗಾಲಿಯ ಟಂಟಂ ಓಡಿತು, ರಸ್ತೆ ಬದಿಯ ಜಾಹೀರಾತು ಫಲಕಗಳ ತುಂಬ ಅಪ್ಪನ ದಡಿಯ ಹೂವು. ಏಳೆಸಳಿನದೂ ಇತ್ತು. ಕದ್ದ ಮಗಳು ನಾನು, ತಪ್ಪನ್ನು ಬಿಡುವೆನೇ? ಇನ್ನು ಉಳಿದದ್ದು ಸದ್ದು. ಆಟ ಶುರುವಾಗುವಾಗ ಒಬ್ಬ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅವನನ್ನು ತೆಗೆದು ಅಪ್ಪನನ್ನು ಕೂರಿಸಬೇಕೆಂದು ಟೇಪ್ ರೆಕಾರ್ಡರ್ ತಂದು ಮಗ್ಗದ ಮುಂದಿಟ್ಟೆ.

"ಕಾರ್ ಬಿಡಾಕ ಏನಂತಾರೋ ಅದನ್ನ ಅನ್ನಪಾ."

"ನಾ ಎಲ್ಲಿ ಕಾರ್ ಬಿಟ್ಟೇನಿ? ನನಗ ಮಗ್ಗ ಬಿಡೂದಷ್ಟ ಗೊತ್ತು."

"ಹಂಗಾರ ಅದನ್ನ ಅನ್ನು."

ಅಪ್ಪ ಪ್ರತಿದಿನ ಮೊದಲ ಎಳೆ ಹೊಡೆಯುವಾಗ ಅನ್ನುತ್ತಿದ್ದ ಮಾತನ್ನೇ ಅಂದ: "ಹೂಂ, ನಡೀ!" ಹಿಂದೆಯೇ ಮಗ್ಗ ಖಟ್ ಎಂದಿತು. ಅವನು ನಮ್ಮನ್ನು ಶಾಲೆಗೆ ಕಳಿಸುತ್ತಿದ್ದದ್ದೂ ಇದೇ ಮಾತಿನಿಂದ, ಜಗಳ ಮುಗಿಸುತ್ತಿದ್ದದ್ದೂ ಇದರಿಂದಲೇ. ಕಾರು ಡಿಕ್ಕಿ ಹೊಡೆದಾಗಿನ ಸದ್ದಿಗೆ, "ಕಣ್ಣ ಎಲ್ಲಿ ಇಟ್ಟೀದಿ?" ಎಂದ. ಗೆದ್ದಾಗಿನ ಸದ್ದಿಗೆ ಏನನ್ನಲಿ ಎಂದು ಬಹಳ ಹೊತ್ತು ಯೋಚಿಸಿ, "ಆತು, ಇನ್ನ ಉಣ್ಣಾಕ ಬಾ," ಎಂದ. ಅಪ್ಪನಿಗೆ ಗೆಲುವು ಎಂದರೆ ಅಷ್ಟೇ.

ಫೋರಮ್ಮಿಗೆ ಮಾಡ್ ಹಾಕುವ ಹೊತ್ತಿಗೆ ನನ್ನೊಳಗಿನ ತಗಡಿನ ಪೆಟ್ಟಿಗೆ ಎದ್ದು ಕೂತಿತು. ಫೈಲಿಗೆ ಪಾಸ್‌ವರ್ಡಿನ ಬೀಗ ಹಾಕಿದೆ. ನನ್ನನ್ನು ಕೇಳಿದವರಿಗೆ, ನನಗೆ ಸರಿಕಂಡರೆ, ಕೊಡುತ್ತೇನೆ ಎಂದೆ. ರೀಡ್‌ಮಿಯ ಕೊನೆಯಲ್ಲಿ ಬರೆದೆ: 'ಅನುಮತಿ: ಯಾರಿಗೂ ಇಲ್ಲ.' ಹೀಗೆ ಬರೆದ ಮೇಲೆ ಕೇಳುವವರಾದರೂ ಯಾರು? ಒಬ್ಬರೂ ಕೇಳಲಿಲ್ಲ.

ಆದರೆ ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದೆ ಎಂದು ಮುಂದಿನ ವರ್ಷ ತಿಳಿಯಿತು. ಸಂಬಂಧಿಕರ ನಿಶ್ಚಿತಾರ್ಥಕ್ಕೆ ಮುಂಡರಗಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮಿನ ಅಂಗಡಿಯಿಂದ ಅಪ್ಪನ ದನಿ ಕೇಳಿಸಿತು. ಒಳಗಿದ್ದವರೆಲ್ಲ ಅವನ ಜೊತೆ "ಹೂಂ, ನಡೀ!" ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದರು. ಬೀಗವಿಲ್ಲದ ಆಟ ನಾನು ತೋರಿಸಿದ್ದು ಒಬ್ಬನಿಗೆ ಮಾತ್ರ, ಹಾಗಾಗಿ ಈ ಕೆಲಸ ಯಾರದೆಂದು ನನಗೆ ಗೊತ್ತಿತ್ತು. ನನ್ನ ಜೊತೆ ಕಂಪ್ಯೂಟರ್ ಕಲಿಯುತ್ತಿದ್ದ ಲಕ್ಷ್ಮೇಶ್ವರದ ಜವಳಿ ಅಂಗಡಿಯವರ ಚನ್ನಬಸು, ನಾನು ಬೀಗ ಹಾಕುವ ಮೊದಲೇ ಸೀಡಿಗೆ ನಕಲು ಹೊಡೆದುಕೊಂಡಿದ್ದ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದು ನಾಲ್ಕು ಜನ ನಿಂತು ನೋಡುವಂತೆ ಬೈದೆ. ಕಳ್ಳ ಎಂದೆ. ಅವನು ಒಂದೇ ಮಾತು ಹೇಳಿದ: "ಚಲೋ ಐತಿ ಅಂತ ಕೊಟ್ಟೆ." ಆಮೇಲೆ ಹತ್ತೊಂಬತ್ತು ವರ್ಷ ನಾವು ಮಾತಾಡಲಿಲ್ಲ.

ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಫೋಟೋಗಳಿವೆ. ದನಿ ಎಲ್ಲಿಯೂ ಇಲ್ಲ. ಆಗ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಅಪ್ಪನ ದನಿ ಹಿಡಿದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಟೇಪಿನ ಮೇಲೆ ಯಾರೋ ಭಜನೆ ತುಂಬಿಸಿದರು. ನನ್ನ ಹಳೆಯ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಯಿತು.

ಈ ವರ್ಷ ಫೋರಮ್ಮು ಮುಚ್ಚುತ್ತದೆ ಎಂದು ಸುದ್ದಿ ಬಂತು. ಪೋಲೆಂಡಿನ ರೈಲ್ವೆ ಅಜ್ಜ ಎಲ್ಲ ಮಾಡ್‌ಗಳನ್ನೂ ಒಟ್ಟು ಮಾಡಿ ಬೇರೆ ಬೇರೆ ದೇಶದ ಹತ್ತಾರು ಮನೆಗಳಲ್ಲಿ ನಕಲು ಇಡಲು ಹೊರಟ. ಒಂದು ಮನೆ ಬಿದ್ದರೂ ಇನ್ನೊಂದರಲ್ಲಿ ಉಳಿಯಲಿ ಎಂದು. ಸಿಗದವುಗಳ, ತೆರೆಯಲಾಗದವುಗಳ ಪಟ್ಟಿಯನ್ನೂ ಹಾಕಿದ. ಅದರಲ್ಲಿ ನನ್ನದಿತ್ತು: 'ಫೈಲು ನಮ್ಮೆಲ್ಲರ ಬಳಿ ಇದೆ. ಬೀಗ ಹಾಕಿದೆ. ಲೇಖಕಿಯ ಪತ್ತೆ ಇಲ್ಲ.' ಮಾಡ್ ಹಾಕಿದ ಹಳೆಯ ಹೆಸರು ಬಿಟ್ಟು ನಾನು ಬೇರೆ ಹೆಸರಿನಲ್ಲಿ ಅಲ್ಲೇ ಕೂತಿದ್ದೆ, ಅಜ್ಜನಿಗೇನು ಗೊತ್ತು. ಅಪ್ಪ ಇಷ್ಟು ವರ್ಷ ಹಲವು ದೇಶಗಳಲ್ಲಿ ಜೋಪಾನವಾಗಿದ್ದಾನೆ, ಆದರೆ ಕೀಲಿ ನನ್ನ ಕೈಯಲ್ಲಿದೆ, ಮತ್ತು ನಾನು ಅದನ್ನು ಮರೆತಿದ್ದೇನೆ!

ಆವತ್ತಿನಿಂದ ಈ ಚಡಪಡಿಕೆ. ಅಪ್ಪನ ಹೆಸರು ಒತ್ತಿದೆ, ಅವ್ವನ ಹೆಸರು ಒತ್ತಿದೆ, ಓಣಿಯ ಹೆಸರು, ಎಮ್ಮೆಯ ಹೆಸರು ಒತ್ತಿದೆ. ಆ ವಯಸ್ಸಿನಲ್ಲಿ ನನಗೆ ಇಷ್ಟವಾಗಿದ್ದ ಒಬ್ಬನ ಹೆಸರನ್ನೂ ಒತ್ತಿದೆ. ಅದು ಕೀಲಿಯಾಗಿರಲಿಲ್ಲ ಎಂದು ತಿಳಿದಾಗ ಗಂಡನ ಮುಖ ನೋಡಿ ಸಮಾಧಾನಪಟ್ಟುಕೊಂಡೆ. ಪ್ರೆಸ್ಸಿನಲ್ಲಿ ಒಂದು ಪತ್ರಿಕೆಯಲ್ಲಿ ವರನ ಹೆಸರಿನ ಜಾಗದಲ್ಲಿ ಮಾವನ ಹೆಸರು ಹಾಕಿದೆ. ಮಾಲೀಕರು, "ಅವ್ವಾರ, ನಿಮ್ಮ ಕಾರು ಭಾಳ ಜೋರ್ ಓಡಾಕತ್ತೈತಿ," ಎಂದಷ್ಟೇ ಅಂದರು.

ಉಳಿದದ್ದು ಒಂದೇ ದಾರಿ, ಕಳ್ಳನ ಬಾಗಿಲು. ಒಂದು ಭಾನುವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಚನ್ನಬಸುವಿನ ತಲೆ ಬೋಳಾಗಿತ್ತು. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಅಕ್ಕಾರ, ಕುಂಡ್ರಿ. ಏನ್ ತೋರಸ್ಲಿ?"

ಆ 'ರಿ' ಚುಚ್ಚಿತು. ಬೈದಿದ್ದರೆ ಚೆನ್ನಾಗಿತ್ತು.

"ಸೀರಿ ಬ್ಯಾಡ. ಆ ಸೀಡಿ ಬೇಕಾಗಿತ್ತು."

"ಯಾವ ಸೀಡಿರಿ?"

"ನೀ ಕದ್ದಿದ್ದು."

"ಕದ್ದಿದ್ದು ಅಂತ ಬ್ಯಾರೆ ಕಪಾಟ ಇಟ್ಟಿಲ್ರಿ. ಹುಡುಕಬೇಕಾಕ್ಕೈತಿ."

ಅಪ್ಪನ ದನಿಯ ವಿಷಯ ಹೇಳಿದೆ. ಅವನು ಮಡಿಚುತ್ತಿದ್ದ ಸೀರೆ ಕೈಬಿಟ್ಟ. ಎದ್ದು ಅಂಗಡಿಯ ಅಟ್ಟ ಹುಡುಕಿದ, ಮನೆಯ ಅಟ್ಟ ಹುಡುಕಿದ. ಕೊನೆಗೆ ಹಳೆಯ ಸೀಡಿಗಳನ್ನೆಲ್ಲ ಶಿರಹಟ್ಟಿಯ ಬಾವನ ಮನೆಗೆ ಕೊಟ್ಟದ್ದು ನೆನಪಾಯಿತು. ಅಂಗಡಿಯ ಸಾಮಾನಿನ ಗಾಡಿ ಹೊರಟಿತು. ಅವನ ಹೆಂಡತಿ, "ಇಬ್ಬರನ್ನ ಬಿಟ್ರ ಹಾದ್ಯಾಗ ಬಡದಾಡ್ತೀರಿ," ಎಂದು ಬಂದು ನಮ್ಮಿಬ್ಬರ ನಡುವೆ ಕೂತಳು. ಶಿರಹಟ್ಟಿಯವರೆಗೂ ನಾನು ಮುಂದಿನ ಗಾಜು ನೋಡಿದೆ, ಅವನು ರಸ್ತೆ ನೋಡಿದ, ಅವಳು ಇಬ್ಬರಿಗೂ ಶೇಂಗಾ ಕೊಟ್ಟಳು.

ಬಾವನವರು ಸಮಾಧಾನದ ಮನುಷ್ಯ. "ಸೀಡಿ? ಅದಾವಲ್ಲ," ಎಂದು ಹೊಲಕ್ಕೆ ಕರೆದುಕೊಂಡು ಹೋದರು. ಸೂರ್ಯಕಾಂತಿ ಹೊಲ. ಅದರ ತುಂಬ ಹಗ್ಗ ಕಟ್ಟಿ, ಗಿಳಿ ಬೆದರಿಸಲು ನೂರಾರು ಸೀಡಿ ತೂಗುಹಾಕಿದ್ದರು. ಗಾಳಿಗೆ ತಿರುಗಿ ಫಳಫಳ ಹೊಳೆಯುತ್ತಿದ್ದವು. ನಾವು ಮೂವರೂ ಕತ್ತೆತ್ತಿ ಒಂದೊಂದೇ ಸೀಡಿ ಹಿಡಿದು ಓದುತ್ತ ಹೋದೆವು. ನಾಲ್ಕನೆಯ ಹಗ್ಗದಲ್ಲಿ ಸಿಕ್ಕಿತು. ನಾನು ಬಾಯಲ್ಲಿ ಹೇಳಿದ್ದ ಎಚ್ಚರಿಕೆಯನ್ನೂ ಸೇರಿಸಿಯೇ ಅವನು ನಕಲು ಮಾಡಿದ್ದ. ಮೇಲೆ ಅವನ ಅಕ್ಷರದಲ್ಲಿ 'ಯಾರಿಗೂ ಕೊಡಬಾರದು' ಎಂದು ಬರೆದಿತ್ತು. ಬಿಸಿಲಿಗೆ ಉಳಿದೆಲ್ಲ ಹೋಗಿ 'ಬಾರದು' ಮಾತ್ರ ಉಳಿದಿತ್ತು. ಬೆಳ್ಳಿ ಬಣ್ಣ ಸುಲಿದು ಅದರೊಳಗಿಂದ ಆಕಾಶ ಕಾಣುತ್ತಿತ್ತು. ಹಗ್ಗದ ಮೇಲೆಯೇ ಒಂದು ಗಿಳಿ ನಿರಾಳವಾಗಿ ಕೂತಿತ್ತು.

ನನಗೆ ಅಳು ಬರಬೇಕಿತ್ತು, ನಗು ಬಂತು. ನಿಲ್ಲಿಸಲಾಗದ ನಗು.

"ನಕ್ಕೆಲ್ಲಬೇ," ಎಂದ ಚನ್ನಬಸು. "ಹತ್ತೊಂಬತ್ತ ವರ್ಷ ಆತು ನೀ ನಕ್ಕಿದ್ದ ನೋಡಿ." 'ರಿ' ಹೋಗಿತ್ತು. ಅಷ್ಟರ ಮಟ್ಟಿಗೆ ಪ್ರಯಾಣ ವ್ಯರ್ಥವಾಗಲಿಲ್ಲ. ಆದರೆ ಗದಗಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಯಾರೂ ಕದಿಯದಿರಲಿ ಎಂದು ನನ್ನ ಅಪ್ಪನನ್ನು ನಾನೇ ಬಚ್ಚಿಟ್ಟು ಕಳೆದುಕೊಂಡೆ.

ಮರುದಿನ ಫೋರಮ್ಮಿನಲ್ಲಿ ಎಲ್ಲವನ್ನೂ ಬರೆದೆ. ಆ ಲೇಖಕಿ ನಾನೇ, ಕೀಲಿ ಮರೆತಿದ್ದೇನೆ, ಒಳಗೆ ಅಪ್ಪನ ದನಿ ಇದೆ, ಎಲ್ಲಾದರೂ ಏಳೆಸಳಿನ ಒಂದು ಹೂವು ಕಂಡರೆ ಅದು ನಮ್ಮದು. ಮೂರನೆಯ ದಿನ ಮಧ್ಯಾಹ್ನ, ನಾನು ಡಬ್ಬಿ ಬಿಚ್ಚುತ್ತಿದ್ದಾಗ, ಪೋಲೆಂಡಿನ ಅಜ್ಜನ ಉತ್ತರ ಬಂತು. ಹೂವನ್ನು ಅವನು ಬಲ್ಲ. ಬ್ರೆಜಿಲ್ಲಿನ ಹಲ್ಲಿನ ಡಾಕ್ಟರ್ ಮಾಡಿದ ಒಂದು ಮಾಡ್‌ನಲ್ಲಿ ಅದಿದೆ, ಅಲ್ಲಿಂದ ಇನ್ನೂ ಇಪ್ಪತ್ತು ಮೂವತ್ತಕ್ಕೆ ಹೋಗಿದೆ. ಒಂದೆಸಳು ಕಡಿಮೆ ಇರುವುದು ತಪ್ಪೇ, ತಿದ್ದಬೇಕೇ ಎಂದು ಒಮ್ಮೆ ದೊಡ್ಡ ಚರ್ಚೆಯೂ ಆಗಿತ್ತಂತೆ. ಮಾಡಿದವರಿಗೆ ಏನೋ ಕಾರಣವಿದ್ದೀತು, ಹಾಗೇ ಇರಲಿ ಎಂದು ತೀರ್ಮಾನವಾಯಿತಂತೆ. ಕೊನೆಗೆ ಎರಡು ಕ್ಷಣದ ಒಂದು ಸದ್ದಿನ ಫೈಲು ಕಳಿಸಿ, 'ನಿನ್ನ ತಂದೆ ಇವರೇ ಏನು?' ಎಂದು ಕೇಳಿದ್ದ.

ಒತ್ತಿದೆ. ಪ್ರೆಸ್ಸಿನ ದೊಡ್ಡ ಸ್ಪೀಕರಿನಲ್ಲಿ ಬಂತು.

"ಹೂಂ, ನಡೀ!" ಖಟ್.

ಮಾಲೀಕರು ಪ್ರೂಫ್ ಕೆಳಗಿಟ್ಟು ಬಂದರು. "ಯಾರ್ರೀ ಅದು?" ಎಂದರು. ನನಗೆ ಗಣಪತಿಯನ್ನು ತೆರೆಯುವುದೂ ಮರೆತುಹೋಯಿತು. ಮತ್ತೆ ಒತ್ತಿದೆ. ಅವರೂ ಪಕ್ಕದಲ್ಲಿ ನಿಂತು ಕೇಳಿದರು.

ಆಮೇಲೆ ತಿಳಿದದ್ದು ಇನ್ನೂ ತಮಾಷೆಯದು. ಆ ದನಿ ಯಾವ ಭಾಷೆಯದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ತುರ್ಕಿ ಎಂದ, ಒಬ್ಬ ಹಂಗೇರಿ ಎಂದ. ಆದರೂ ಒಬ್ಬರೊಂದಿಗೊಬ್ಬರು ರೇಸ್ ಶುರು ಮಾಡುವ ಮೊದಲು ಎಲ್ಲರೂ 'ಹೂನಡಿ' ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಯಾವಾಗಲೂ ಒಬ್ಬಳೇ ಓಡಿಸುವ ನನಗೆ ಮಾತ್ರ ಅದು ಗೊತ್ತಿರಲಿಲ್ಲ. ಬೆಟಗೇರಿಯಲ್ಲಿ ಒಂದು ಮಗ್ಗದ ಮುಂದೆ ಹೇಳಿದ ಮಾತನ್ನು ಇಷ್ಟು ವರ್ಷ ಎಲ್ಲೆಲ್ಲಿಯೋ ಜನ, ಅರ್ಥ ತಿಳಿಯದೆ, ಸರಿಯಾದ ಹೊತ್ತಿಗೇ ಹೇಳುತ್ತ ಬಂದಿದ್ದಾರೆ.

ಚನ್ನಬಸುವಿಗೆ ಫೋನು ಮಾಡಿದೆ. ಒಪ್ಪಿಕೊಂಡ.

"ಯಾವನೋ ಬ್ರೆಜಿಲ್ದಾವ ಫೋರಮ್ಮಿನ್ಯಾಗ ಕೇಳಿದ್ದಬೇ. ಸೈಬರ್ ಕೆಫೆದಾಗ ಕುಂತು ಕಳಿಸಿದ್ದೆ. ನೆಟ್ ಭಾಳ ನಿಧಾನ, ಬೋರ್ಡಿನ ಹೂವು, ಅಪ್ಪಾರ ಒಂದ ಮಾತು, ಅಷ್ಟ ಹೋತು. ಬೈತೀ ಅಂತ ಮೊನ್ನೆ ಹೇಳಲಿಲ್ಲ."

"ಎಲ್ಲಾ ಯಾಕ ಕದೀಲಿಲ್ಲೋ?" ಎಂದೆ. ನಿಜವಾಗಿ ಸಿಟ್ಟು ಬಂದಿತ್ತು.

ಸಂತೆಯಿಂದ ಬಂದ ದಿನ ಅಪ್ಪ ಉಂಡ ಆ ಹೆಚ್ಚಿನ ರೊಟ್ಟಿ ಈಗ ಅರ್ಥವಾಗುತ್ತದೆ. ಅವನಿಗೆ ಸಿಟ್ಟು ಬಂದಿರಲಿಲ್ಲ. ತನ್ನ ಹೂವು ತಾನು ಕಾಣದ ಮನೆಗಳಿಗೂ ಹೋಯಿತು ಎಂಬ ಹಿಗ್ಗು ಅದು. ಏಳೆಸಳನ್ನು ಅವನು ನೇಯ್ದದ್ದು ಕಳ್ಳನನ್ನು ಹಿಡಿಯಲು ಇರಬಹುದು, ನನಗೆ ಹಿಡಿದುಕೊಟ್ಟದ್ದು ಮಾತ್ರ ಅಪ್ಪನನ್ನೇ.

ಉಳಿದೆರಡು ಮಾತು ಇನ್ನೂ ಬೀಗದೊಳಗಿವೆ. ಪೋಲೆಂಡಿನ ಅಜ್ಜ ತನ್ನ ಕಂಪ್ಯೂಟರನ್ನು ಕೀಲಿ ಊಹಿಸಲು ಕೂರಿಸಿದ್ದಾನೆ. ನಾನೂ ದಿನಕ್ಕೊಂದು ಹೆಸರು ಒತ್ತುತ್ತೇನೆ. ಉಣ್ಣಾಕ ಬಾ ಎಂದು ಕರೆಯುವ ಅಪ್ಪ ಒಳಗಿರುವಾಗ ನೆಮ್ಮದಿಯಾಗಿ ಕೂರುವುದು ಸಾಧ್ಯವಿಲ್ಲ. ಈ ನಡುವೆ ತಮ್ಮನನ್ನು ಕೇಳಿ ತಗಡಿನ ಪೆಟ್ಟಿಗೆಯನ್ನು ಪ್ರೆಸ್ಸಿಗೆ ತಂದಿದ್ದೇನೆ. ಮಾಲೀಕರೇ ಸ್ಕ್ಯಾನರ್ ಒರೆಸಿ ಕೊಟ್ಟರು. ಊಟದ ಹೊತ್ತಿನಲ್ಲಿ ಒಂದೊಂದೇ ಚೌಕಳಿ ಹಾಳೆ ಸ್ಕ್ಯಾನ್ ಮಾಡಿ ಅಜ್ಜನಿಗೆ ಕಳಿಸುತ್ತಿದ್ದೇನೆ. ಅರಿಶಿನದ ಕಲೆ ಸಮೇತ.

ಹಾಳೆಗಳ ಜೊತೆ ರೀಡ್‌ಮಿ ಇಡಬೇಕಲ್ಲ, ಅದನ್ನೂ ಬರೆದೆ. ನೇಯ್ದವರು, ಅಪ್ಪ. ಕದ್ದವರು, ನಾನು ಮತ್ತು ಚನ್ನಬಸು. ಕೃತಜ್ಞತೆಯ ಪಟ್ಟಿ ಲಗ್ನಪತ್ರಿಕೆಯಷ್ಟೇ ಉದ್ದವಾಯಿತು. ಕೊನೆಯ ಸಾಲಿಗೆ ಬಂದು ಎರಡು ದಿನ ನಿಂತೆ. ಷರತ್ತು ಹಾಕಲೇ, ಕೈಮುಗಿಯಲೇ? ಮೂರನೆಯ ದಿನ ರೊಟ್ಟಿಯ ಕೈ ಒರೆಸಿಕೊಂಡು ಬರೆದು ಮುಗಿಸಿದೆ.

ಅನುಮತಿ: ಹೂಂ, ನಡೀ.